ಸಂಜೆಯೂ ಬಾಗಿಲು ತೆರೆದಿರಲಿ



ಎಲೆ ತೂಕ ಮುಗಿಸಿ, ಮಗುವನ್ನೆತ್ತಿಕೊಂಡು ತೋಟದ ಆಸ್ಪತ್ರೆಗೆ ಹೋಗುವ ಹೊತ್ತಿಗೆ ಬಾಗಿಲಿಗೆ ಬೀಗ. ಬೆಳಿಗ್ಗೆ ಹೋದರೆ ಆ ದಿನದ ಕೂಲಿ ಹೋಯಿತು. ಮುಂದೂಡಿದ ಜ್ವರ ನಡುರಾತ್ರಿ ಏರಿದರೆ ಜೀಪಿಗೆ ಸಾಲ ಮಾಡಬೇಕು.

ಕಾರ್ಮಿಕರಿಗೂ ಅವರ ಕುಟುಂಬಕ್ಕೂ ಔಷಧೋಪಚಾರ ಒದಗಿಸುವುದನ್ನು 1951ರ ತೋಟ ಕಾರ್ಮಿಕರ ಕಾಯಿದೆಯೇ ಮಾಲೀಕರ ಹೊಣೆಯನ್ನಾಗಿ ಮಾಡಿತು. ದುಡಿಯುವವರ ವೇಳೆಗೆ ಸಿಗದ ಔಷಧದಿಂದ ಫಲವೇನು? ಕೇರಳವು 2017ರಲ್ಲಿ ಆರಂಭಿಸಿದ ಆರ್ದ್ರಂ ಯೋಜನೆಯಲ್ಲಿ ಕುಟುಂಬ ಆರೋಗ್ಯ ಕೇಂದ್ರಗಳ ವೇಳೆಯನ್ನು ಸಂಜೆ 6ರವರೆಗೆ ವಿಸ್ತರಿಸಿತು. ಪಕ್ಕದ ವಯನಾಡಿನಲ್ಲಿ ಆದದ್ದು ನೀಲಗಿರಿಯ ನಮ್ಮ ತೋಟಗಳಲ್ಲಿ ಏಕಾಗದು?

ವಾರಕ್ಕೆ ಎರಡು ಸಂಜೆಯಾದರೂ ವೈದ್ಯರು ಕುಳಿತಿರಲಿ, ಆ ದುಡಿಮೆಗೆ ನರ್ಸಮ್ಮನವರಿಗೆ ತಕ್ಕ ವೇತನ ಸಿಗಲಿ ಎಂದು ಒಟ್ಟಾಗಿ ಕೇಳೋಣ. ಕಪೆರ್ನೌಮಿನ ಜನರು ಕರ್ತನ ಬಳಿಗೆ ರೋಗಿಗಳನ್ನು ತಂದದ್ದು ಹೊತ್ತು ಮುಳುಗಿದ ಮೇಲೆಯೇ (ಮಾರ್ಕ 1). ಆತನು ನಾಳೆ ಬನ್ನಿರಿ ಎನ್ನಲಿಲ್ಲ.