ಕರೆದಾಗ ಬರುವ ನಾಯಿ

ನಾಯಿಯ ಬಾಲಕ್ಕೆ ದಬ್ಬೆ ಕಟ್ಟಿದರೂ ಡೊಂಕೇ ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿರುವೆವು. ಬಾಲದ ವಿಷಯದಲ್ಲಿ ಈ ಮಾತು ನಿಜವಾಗಿರಬಹುದು. ಆದರೆ ನಡತೆಯ ವಿಷಯದಲ್ಲಿಯೂ ಇದನ್ನೇ ನಂಬಿದವರು ತಮ್ಮ ತಪ್ಪನ್ನು ಆ ಮೂಕಪ್ರಾಣಿಯ ಮೇಲೆ ಹೊರಿಸುವರು. ನಾವೂ ಹಾಗೆ ಹೊರಿಸಿದವರೇ ಆದುದರಿಂದ ಈ ತಿಂಗಳು ಆ ಸಂಗತಿಯನ್ನೇ ವಾಚಕರ ಮುಂದಿಡುವೆವು.

ಮಧುಗಿರಿ ತಾಲ್ಲೂಕಿನ ಪುರವರದ ಸೀಮೆಯಲ್ಲಿ ಹೊಲದ ಕಾವಲಿಗೂ ಕುರಿರೊಪ್ಪದ ಕಾವಲಿಗೂ ನಾಯಿಯೇ ಆಸರೆ. ನಮ್ಮ ಮನೆಯಲ್ಲಿಯೂ ಕರಿಯನೆಂಬ ನಾಯಿಯುಂಟು. ಒಂದು ಬೆಳಗ್ಗೆ ಅದು ನೆರೆಯವರ ಕುರಿಮಂದೆಯ ಬೆನ್ನು ಹತ್ತಿ ಓಡಿತು. ನಾವು ಕೂಗಿ ಕೂಗಿ ಸೋತೆವು. ಅರ್ಧ ಗಂಟೆಯ ಮೇಲೆ ಅದು ತಾನಾಗಿಯೇ ಬಂದು ನಮ್ಮ ಕಾಲ ಬಳಿ ನಿಂತಾಗ, ಕೋಪವನ್ನು ತಡೆಯಲಾರದೆ ಬೆತ್ತದಿಂದ ನಾಲ್ಕು ಬಿಗಿದೆವು. ಇನ್ನು ಮುಂದೆ ಮಂದೆಯ ಗೊಡವೆಗೆ ಹೋಗದೆಂದು ಸಮಾಧಾನಪಟ್ಟೆವು. ಆದರೆ ಮಾರನೆಯ ದಿನದಿಂದ ಕರೆದರೆ ಅದು ಹತ್ತು ಮಾರು ದೂರದಲ್ಲಿಯೇ ನಿಂತು ನಮ್ಮ ಕೈಯನ್ನು ನೋಡತೊಡಗಿತು. ವಾರ ಕಳೆಯುವಷ್ಟರಲ್ಲಿ, ಲಾರಿಯೊಂದು ಬರುತ್ತಿದ್ದುದನ್ನು ಕಂಡು ನಾವು ಗಾಬರಿಯಿಂದ ಕೂಗಿದಾಗ, ಅದು ನಮ್ಮತ್ತ ಬರುವುದಕ್ಕೆ ಬದಲಾಗಿ ಹಿಂದೆ ಹಿಂದೆ ಸರಿದು ರಸ್ತೆಯ ನಡುವೆ ನಿಂತಿತು. ಚಾಲಕನು ಸಮಯಕ್ಕೆ ಗಾಡಿಯನ್ನು ನಿಲ್ಲಿಸಿದುದರಿಂದ ಜೀವ ಉಳಿಯಿತು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ನಾವು ಮಾಡಿದ ತಪ್ಪೇನು? ಕುರಿಗಳ ಹಿಂದೆ ಓಡಿದುದಕ್ಕೆ ಹೊಡೆದೆವೆಂದು ನಾವು ತಿಳಿದಿದ್ದೆವು. ನಾಯಿಯಾದರೋ ಬಂದುದಕ್ಕೆ ಹೊಡೆದರೆಂದು ತಿಳಿಯಿತು. ಅರ್ಧ ಗಂಟೆಯ ಹಿಂದಿನ ಅಪರಾಧಕ್ಕೂ ಈಗಿನ ಪೆಟ್ಟಿಗೂ ಗಂಟು ಹಾಕುವ ಶಕ್ತಿ ಅದಕ್ಕಿಲ್ಲ. ಪೆಟ್ಟಾಗಲಿ, ತಿನಿಸಾಗಲಿ, ಅದಕ್ಕೆ ನಿಕಟವಾಗಿ ಹಿಂದೆ ನಡೆದ ಕಾರ್ಯಕ್ಕೇ ಅಂಟಿಕೊಳ್ಳುವುದು. ಅಮೆರಿಕದ ಥಾರ್ನ್‌ಡೈಕ್ ಎಂಬ ಮನಶ್ಶಾಸ್ತ್ರಜ್ಞರು ಬೆಕ್ಕು ನಾಯಿಗಳನ್ನು ಪೆಟ್ಟಿಗೆಗಳಲ್ಲಿಟ್ಟು ಪರೀಕ್ಷಿಸಿ, ಯಾವ ಕಾರ್ಯದಿಂದ ಪ್ರಾಣಿಗೆ ತೃಪ್ತಿಯುಂಟಾಗುವುದೋ ಅದನ್ನೇ ಅದು ಮತ್ತೆ ಮತ್ತೆ ಮಾಡುವುದೆಂದು ತೋರಿಸಿದರು. ಆ ಪರೀಕ್ಷೆಗಳು 1898ರಲ್ಲಿ ಪ್ರಕಟವಾದುವು. ಇಂದು ನಾಯಿಗಳನ್ನು ಪಳಗಿಸುವ ಒಳ್ಳೆಯ ಶಿಕ್ಷಕರು ಬೆತ್ತಕ್ಕಿಂತ ತಿನಿಸನ್ನೂ ಹೊಗಳಿಕೆಯನ್ನೂ ಹೆಚ್ಚಾಗಿ ನಂಬುವುದು ಈ ಕಾರಣದಿಂದಲೇ.

ನಾವು ಹೊಸದಾಗಿ ಅನುಸರಿಸಿದ ಕ್ರಮವನ್ನು ಹೇಳುವೆವು. ಊಟಕ್ಕೆ ಮುಂಚೆ, ಹಸಿವು ಇರುವಾಗ, ಮನೆಯೊಳಗೆ ಎರಡು ಮಾರು ದೂರದಿಂದ ಹೆಸರು ಹಿಡಿದು "ಬಾ" ಎಂದು ಒಂದೇ ಸಾರಿ ಕರೆಯಬೇಕು. ಬಂದ ಆ ಕ್ಷಣದಲ್ಲಿಯೇ "ಭೇಷ್" ಎಂದು ಹೊಗಳಿ, ಕಡಲೆಕಾಯಿ ಬೀಜದಷ್ಟು ತಿನಿಸನ್ನು ಬಾಯಿಗಿಡಬೇಕು. ಬೇಯಿಸಿದ ಮೊಟ್ಟೆಯ ಚೂರು, ಮಾಂಸದ ತುಣುಕು, ಮಾಂಸ ತಿನ್ನದ ಮನೆಗಳಲ್ಲಿ ಬೇಯಿಸಿದ ಗೆಣಸು ಇವು ಉತ್ತಮ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟುಗಳು ನಾಯಿಗೆ ವಿಷಪ್ರಾಯವಾದುದರಿಂದ ಕೊಡಕೂಡದು. ಈರುಳ್ಳಿ ಹಾಕಿದ ಹುಳಿ, ಪಲ್ಯಗಳೂ ಬೇಡ. ಪಾಠವು 5 ನಿಮಿಷಕ್ಕೆ ಮೀರದಂತೆ ದಿನಕ್ಕೆ ಎರಡು ಮೂರು ಸಲ ನಡೆದರೆ ಸಾಕು. ಒಳಗೆ ತಪ್ಪದೆ ಬರತೊಡಗಿದ ಮೇಲೆ ಜಗುಲಿಯಲ್ಲಿ, ಆಮೇಲೆ ಉದ್ದವಾದ ಹಗ್ಗ ಕಟ್ಟಿ ಹೊಲದಲ್ಲಿ, ಕಡೆಗೆ ಕುರಿಗಳು ಕಣ್ಣಿಗೆ ಬೀಳುವ ದೂರದಲ್ಲಿ ಅಭ್ಯಾಸ ಮಾಡಿಸಬೇಕು. ಬಲವಾಗಿ ರೂಢಿಯಾದ ಬಳಿಕ ತಿನಿಸನ್ನು ಒಮ್ಮೊಮ್ಮೆ ಕೊಟ್ಟು, ಉಳಿದಾಗ ಬೆನ್ನು ಸವರಿದರೂ ನಡೆಯುವುದು.

ಎರಡು ನಿಯಮಗಳನ್ನು ಮಾತ್ರ ಮನೆಮಂದಿಯೆಲ್ಲರೂ ಪಾಲಿಸತಕ್ಕದ್ದು. ಮೊದಲನೆಯದು, ಕರೆಯುವ ಮಾತು ಎಲ್ಲರಿಗೂ ಒಂದೇ ಇರಬೇಕು. ಎರಡನೆಯದು, ಬಂದ ನಾಯಿಯನ್ನು ಎಂದಿಗೂ ದಂಡಿಸಕೂಡದು. ಎಷ್ಟು ತಡವಾಗಿ ಬಂದರೂ ಸರಿಯೆ. ಸ್ನಾನಕ್ಕೋ ಔಷಧಕ್ಕೋ ಬೇಕಾದರೆ ಕರೆಯದೆ ನಾವೇ ಹೋಗಿ ಹಿಡಿದು ತರುವುದು ಮೇಲು. "ಬಾ" ಎಂಬ ಮಾತಿಗೆ ಕಹಿ ಸೋಂಕಬಾರದು.

ಹಗಲೆಲ್ಲ ಸರಪಣಿಯಲ್ಲಿ ಕಟ್ಟಿಹಾಕಿದರೆ ಈ ತೊಂದರೆಯೇ ಇಲ್ಲವಲ್ಲ ಎಂದು ಕೆಲವರು ಹೇಳಬಹುದು. ಸದಾ ಕಟ್ಟಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಕೊಡದಿರುವುದು 1960ರ ಪ್ರಾಣಿಹಿಂಸೆ ತಡೆಯುವ ಕಾಯಿದೆಯಂತೆ ಅಪರಾಧವೇ ಆಗಿದೆ. ಅದಲ್ಲದೆ, ಕೆಲಸವಿಲ್ಲದ ನಾಯಿ ಬೊಗಳುವುದನ್ನೂ ಅಗೆಯುವುದನ್ನೂ ತಾನೇ ಕಲಿಯುವುದು. ಹಳೆಯ ಬಟ್ಟೆಯ ಮಡಿಕೆಗಳಲ್ಲಿ ತಿನಿಸಿನ ಚೂರುಗಳನ್ನು ಅಡಗಿಸಿ ಮೂಸಿ ಹುಡುಕಲು ಬಿಟ್ಟರೆ ಅದರ ಮೂಗಿಗೂ ಮನಸ್ಸಿಗೂ ಕೆಲಸ ದೊರೆಯುವುದು, ಮಕ್ಕಳಿಗೂ ವಿನೋದ.

ನಮ್ಮ ಸೀಮೆಯಲ್ಲಿ ಇದಕ್ಕೆ ಇನ್ನೊಂದು ಮಹತ್ತ್ವವುಂಟು. ಇದೇ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು ಕೃಷ್ಣಮೃಗಗಳ ಬೀಡು. ಸುಮಾರು 800 ಎಕರೆಯ ಆ ನೆಲವು 2007ರಲ್ಲಿ ಜಯಮಂಗಲಿಯ ಹೆಸರಿನಲ್ಲಿ ಸಂರಕ್ಷಣೆಗೆ ಒಳಪಟ್ಟಿತು. ಊರಿನ ನಾಯಿಗಳು ಅಟ್ಟಿಸಿದರೆ ಎಳೆಯ ಮರಿಗಳ ಗತಿಯೇನು? ಕರೆದಾಗ ಹಿಂದಿರುಗುವ ನಾಯಿಯಿಂದ ಕುರಿಯೂ ಉಳಿಯುವುದು, ಜಿಂಕೆಯೂ ಉಳಿಯುವುದು, ನಾಯಿಯೂ ಉಳಿಯುವುದು.

ನಾಯಿಯನ್ನು ಮೆಚ್ಚುವುದು ಕನ್ನಡಿಗರಿಗೆ ಹೊಸದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ವೀರಗಲ್ಲೊಂದಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನು, ಒಡೆಯನು ಮೆಚ್ಚಿ ಬೇಡಿಕೊಳ್ಳೆಂದಾಗ, ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಕಾಳಿಯು ಹಂದಿಯೊಡನೆ ಹೋರಾಡಿ ಮಡಿದಾಗ ಅದರ ನೆನಪಿಗೆ ಕಲ್ಲು ನಿಂತಿತು. ಮೆಚ್ಚಿಗೆಯೆಂಬುದು ವೀರನಿಗೂ ಬೇಕು, ನಾಯಿಗೂ ಬೇಕು.

ಕರಿಯನ ಭಯ ಹೋಗುವುದಕ್ಕೆ ಎರಡು ತಿಂಗಳು ಹಿಡಿಯಿತು. ನಾಲ್ಕು ಪೆಟ್ಟು ಕೊಡಲು ನಮಗೆ ಅರ್ಧ ನಿಮಿಷವೂ ಬೇಕಾಗಿರಲಿಲ್ಲ. ಈಗ ಕರೆದರೆ ಓಡಿ ಬರುವುದು. ಆದರೆ ನಮ್ಮ ಕೈಯಲ್ಲಿ ಕೋಲು ಕಂಡರೆ ಇಂದಿಗೂ ಒಂದು ಗಳಿಗೆ ನಿಂತು ನೋಡುವುದು. ವಾಚಕರು ಆ ಬೆತ್ತವನ್ನು ಎತ್ತುವ ಮೊದಲೇ ಕೆಳಗಿಡಲೆಂದು ಇಷ್ಟು ಬರೆದೆವು.