ಬೀಗ ರಿಪೇರಿಗೆ ಬಂದವರು ಮನೆ ಸಾಮಾನು ಸರಿಸಬಾರದು

ಪುಣೆಯಲ್ಲೋ ಚೆನ್ನೈಯಲ್ಲೋ ಕೂತು ಇಂಗ್ಲಿಷ್ ವಿಂಡೋಸ್ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ಅನೇಕರಿಗೆ ‘ತುಂಗಾ’ ಫಾಂಟ್ ಹಳೆಯ ಪರಿಚಯ. ವಿಂಡೋಸ್ ಎಕ್ಸ್‌ಪಿ ಕಾಲದಿಂದ ಅದು ಕಂಪ್ಯೂಟರಿನ ಜೊತೆಗೇ ಬರುತ್ತಿತ್ತು. 2015ರಲ್ಲಿ ವಿಂಡೋಸ್ 10 ಬಂದಾಗ ಅದನ್ನು ಬೇಕಾದವರು ಹಾಕಿಕೊಳ್ಳುವ ಸೌಲಭ್ಯಗಳ ಪಟ್ಟಿಗೆ ಸರಿಸಲಾಯಿತು. ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಭಾಷೆಯನ್ನು ಸೇರಿಸದೆ ಹೊಸ ಆವೃತ್ತಿಗೆ ಹೋದವರು ಅದನ್ನು ಕಳೆದುಕೊಳ್ಳುವಂತಾಯಿತು. ಅಕ್ಷರಗಳೇನೂ ಅಳಿಸಿಹೋಗಲಿಲ್ಲ, ‘ನಿರ್ಮಲಾ’ ಎಂಬ ಇನ್ನೊಂದು ಫಾಂಟ್ ಇತ್ತು. ಆದರೆ ಫಾಂಟ್ ಬದಲಾದರೆ ಅಳತೆ ಬದಲಾಗುತ್ತದೆ. ಅಳತೆ ಬದಲಾದರೆ ಜೋಡಿಸಿಟ್ಟ ಪುಟದ ಸಾಲುಗಳು ಜಾಗ ತಪ್ಪುತ್ತವೆ. ಬಳಸುವವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ಕೇಳದೇ ಬದಲಾದದ್ದು ಅದೊಂದೇ ಅಲ್ಲ. ಅದೇ ವರ್ಷ, ಹೊಸ ವಿಂಡೋಸ್‌ಗೆ ಹೋಗುವಾಗ ‘ಎಕ್ಸ್‌ಪ್ರೆಸ್ ಸೆಟ್ಟಿಂಗ್ಸ್’ ಒತ್ತಿದವರ ಬ್ರೌಸರ್ ಆಯ್ಕೆ ಮೈಕ್ರೋಸಾಫ್ಟ್‌ನ ಎಡ್ಜ್‌ಗೆ ತಿರುಗುತ್ತಿತ್ತು. ಫೈರ್‌ಫಾಕ್ಸ್ ರೂಪಿಸಿದ ಮೊಜಿಲ್ಲಾದ ಮುಖ್ಯಸ್ಥ ಕ್ರಿಸ್ ಬಿಯರ್ಡ್ ಇದನ್ನು ಆಕ್ಷೇಪಿಸಿ, ಮಣಿಪಾಲದಲ್ಲಿ ಓದಿದ ಸತ್ಯ ನಾದೆಲ್ಲ ಅವರಿಗೆ ಬಹಿರಂಗ ಪತ್ರ ಬರೆದರು. 2016ರಲ್ಲಿ ಅಪ್‌ಗ್ರೇಡ್ ಸೂಚನೆಯ ಮೂಲೆಯ ಕೆಂಪು ‘ಎಕ್ಸ್’ ಒತ್ತಿ ಮುಚ್ಚಿದರೂ, ಅದನ್ನು ಒಪ್ಪಿಗೆಯೆಂದೇ ಎಣಿಸಲಾಯಿತು. ಬೇಡವೆಂದು ಬಾಗಿಲು ಹಾಕಿದವರ ಮನೆಗೂ ಅಪ್‌ಗ್ರೇಡ್ ಬಂದು ಕೂತಿತು. ಗದ್ದಲವಾದ ಮೇಲೆ ಕಂಪನಿ ಅದನ್ನು ಬದಲಾಯಿಸಿತು.

ಹಾಗೆಂದು ಅಪ್‌ಡೇಟೇ ಬೇಡ ಎನ್ನುವಂತಿಲ್ಲ. 2017ರ ಮೇ ತಿಂಗಳಲ್ಲಿ ‘ವನ್ನಾಕ್ರೈ’ ದಾಳಿ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳನ್ನೂ ತತ್ತರಿಸುವಂತೆ ಮಾಡಿತು. ಅದು ನುಗ್ಗಿದ ತೂತನ್ನು ಮುಚ್ಚುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದೆ ಉಳಿದವರು ಸಿಕ್ಕಿಬಿದ್ದರು. ಭದ್ರತೆಯ ವಿಷಯದಲ್ಲಿ ಕಂಪನಿಗಳು ಹಟ ಹಿಡಿಯುವುದಕ್ಕೆ ಕಾರಣವಿದೆ.

ತೊಂದರೆ ಇರುವುದು ಬೀಗದ ರಿಪೇರಿಯನ್ನೂ ಸಾಮಾನು ಸರಿಸುವುದನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿ ಕಳಿಸುವುದರಲ್ಲಿ. 2018ರ ಅಕ್ಟೋಬರಿನ ವಿಂಡೋಸ್ ಅಪ್‌ಡೇಟ್ ಕೆಲವರ ಕಡತಗಳನ್ನೇ ಅಳಿಸಿಹಾಕಿತು. ಕಂಪನಿ ಅದರ ವಿತರಣೆಯನ್ನೇ ನಿಲ್ಲಿಸಬೇಕಾಯಿತು. ಇಂಥದ್ದನ್ನು ಕಂಡವರು ಮುಂದಿನ ಸಲ ಅಪ್‌ಡೇಟ್ ಎಂದರೆ ಹೆದರುತ್ತಾರೆ, ಮುಂದೂಡುತ್ತಾರೆ, ಆಗುವುದಾದರೆ ಪೂರ್ತಿ ನಿಲ್ಲಿಸಿಬಿಡುತ್ತಾರೆ. ಫೋನಿನಲ್ಲಿ ಬ್ಯಾಂಕಿನ ಕೆಲಸ ನೋಡಿಕೊಳ್ಳುವ ಊರಿನ ಹಿರಿಯರು, ಒಂದು ಐಕಾನ್ ಜಾಗ ಬದಲಾದರೂ ಮುಂಬೈಯಲ್ಲಿರುವ ಮಗಳಿಗೆ ಫೋನ್ ಮಾಡಬೇಕಾಗುತ್ತದೆ. ಅವರು ಅಪ್‌ಡೇಟ್ ಬೇಡವೆಂದು ಕೂತರೆ ದಡ್ಡತನವೆನ್ನಲಾಗದು. ಆದರೆ ಮೋಸಗಾರರಿಗೆ ಅದೇ ಬಾಗಿಲು ತೆರೆದಂತೆ. ಸೆಟ್ಟಿಂಗ್ ಬದಲಿಸುವ ಕಂಪನಿ ಕೊನೆಗೆ ಹಾಳುಮಾಡುವುದು ತನ್ನದೇ ಭದ್ರತಾ ಕೆಲಸವನ್ನು.

ಪರಿಹಾರ ದೊಡ್ಡದೇನಲ್ಲ. ಭದ್ರತೆಯ ಅಪ್‌ಡೇಟ್ ಬೇರೆಯಾಗಿ ಬರಲಿ, ತಾನಾಗಿಯೇ ಬರಲಿ. ರೂಪ, ಫಾಂಟ್, ಬ್ರೌಸರ್ ಬದಲಿಸುವುದಿದ್ದರೆ ಮೊದಲು ಕೇಳಲಿ. ‘ಆಮೇಲೆ’ ಎಂಬುದರ ಪಕ್ಕದಲ್ಲಿ ‘ಬೇಡ’ ಎಂಬ ಗುಂಡಿಯೂ ಇರಲಿ. ಬಳಸುವವರು ಒಮ್ಮೆ ಆರಿಸಿದ್ದು ಅಪ್‌ಡೇಟ್ ಆದ ಮೇಲೂ ಹಾಗೆಯೇ ಉಳಿಯಲಿ. ಭಾರತದ 2023ರ ದತ್ತಾಂಶ ರಕ್ಷಣಾ ಕಾಯ್ದೆ, ವೈಯಕ್ತಿಕ ಮಾಹಿತಿ ಪಡೆಯಲು ಒಪ್ಪಿಗೆ ಮುಕ್ತವೂ ಸ್ಪಷ್ಟವೂ ಆಗಿರಬೇಕು ಎನ್ನುತ್ತದೆ. ಸೆಟ್ಟಿಂಗ್‌ಗಳಿಗೂ ಅದೇ ಅಳತೆ ಸಾಕು.

ಕೇಳಿದರೆ ಸಿಗುತ್ತದೆ ಎಂಬುದಕ್ಕೂ ಸಾಕ್ಷಿಯಿದೆ. ಮೊದಲು ಮನೆಬಳಕೆಯ ವಿಂಡೋಸ್ 10ರಲ್ಲಿ ಅಪ್‌ಡೇಟ್ ತಡೆದಿಡಲು ನೇರ ದಾರಿ ಇರಲಿಲ್ಲ. 2019ರಲ್ಲಿ 35 ದಿನಗಳವರೆಗೆ ತಡೆದಿಡುವ ಅವಕಾಶ ಬಂತು. ನಾಲ್ಕು ವರ್ಷ ದೂರಿದ್ದಕ್ಕೆ ಸಿಕ್ಕಿದ್ದು ಅಷ್ಟು.