ರೊಟ್ಟಿ ಮಾರಾಟ: ಹೆಸರು ಬಂತು, ಲಾಭ ಎಲ್ಲಿದೆ?



2025ರ ಜೂನ್ 29ರ ಬಾನುಲಿ ಭಾಷಣದಲ್ಲಿ ಪ್ರಧಾನಿಯವರು ಕಲಬುರಗಿ ಹೆಣ್ಣುಮಕ್ಕಳ ಜೋಳದ ರೊಟ್ಟಿಯನ್ನು ಹೊಗಳಿದರು. ದಿನಕ್ಕೆ 3,000ಕ್ಕೂ ಹೆಚ್ಚು ರೊಟ್ಟಿ ತಯಾರಾಗುತ್ತಿದೆ ಎಂದರು. ಇದನ್ನು ಕೇಳಿ ಹಳ್ಳಿಯ ಸಂಘಗಳೂ ಒಲೆ ಹಚ್ಚಲು ಮುಂದಾಗುವುದು ಸಹಜ. ಆದರೆ ಹೆಸರು ಬೇರೆ, ಲಾಭ ಬೇರೆ. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಕ ಮಾನ್ಯತೆಯಿದೆ. ಆದರೂ ಗೊನೆಗಾಗಿ ಸುಮಾರು ಒಂದೂವರೆ ವರ್ಷ ಕಾಯುವುದು ತಪ್ಪಿಲ್ಲ.

ಹೊಸ ಉದ್ಯೋಗ ಸೋಲುವುದು ಹೆಚ್ಚಾಗಿ ಲೆಕ್ಕದಲ್ಲಿ. ಮನೆಯ ಜೋಳವೆಂದು ಅದಕ್ಕೆ ಬೆಲೆ ಹಿಡಿಯುವುದಿಲ್ಲ. 2025-26ಕ್ಕೆ ಮಾಲದಂಡಿ ಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 3,749 ರೂ.; ಅಂದರೆ ಕಿಲೋಗೆ ಸುಮಾರು ಮೂವತ್ತೇಳೂವರೆ ರೂಪಾಯಿ. ಇದರ ಮೇಲೆ ಗಿರಣಿ ಖರ್ಚು, ಉರುವಲು, ರೊಟ್ಟಿ ಬಡಿಯುವವರ ಕೂಲಿ, ಕಮಲಾಪುರದಿಂದ ಕಲಬುರಗಿಗೆ ಸಾಗಣೆ. ಮನೆಯವರೇ ಬಡಿದರೂ ಕೂಲಿ ಬರೆಯಲೇಬೇಕು.

ಇನ್ನು ಮಾರದೆ ಉಳಿದ ಮಾಲು. 100 ರೊಟ್ಟಿಗೆ 600 ರೂ. ಖರ್ಚಾಗಿ, ಒಂದಕ್ಕೆ 7 ರೂ.ನಂತೆ ಮಾರುವಿರೆಂದು ಇಟ್ಟುಕೊಳ್ಳಿ. ಎಲ್ಲವೂ ಮಾರಿದರೆ 100 ರೂ. ಲಾಭ. ಹತ್ತು ಉಳಿದರೆ ಬರೀ 30 ರೂ. ಹದಿನೈದು ಉಳಿದರೆ 5 ರೂ. ನಷ್ಟ.

ಆದ್ದರಿಂದ ಖಾನಾವಳಿ, ವಸತಿನಿಲಯ, ಮದುವೆ ಮನೆಗಳಿಂದ ಮುಂಗಡ ಬೇಡಿಕೆ ಪಡೆದೇ ಹಿಟ್ಟು ನಾದಿರಿ. ಮೆತ್ತನೆಯ ರೊಟ್ಟಿ ಬೇಗ ಕೆಡುತ್ತದೆ. ಖಡಕ್ ರೊಟ್ಟಿ ವಾರಗಟ್ಟಲೆ ಬಾಳುತ್ತದೆ. ದೂರದ ಪೇಟೆಗೆ ಅದೇ ಸರಿ. ಯಂತ್ರಕ್ಕೆ ಅವಸರ ಬೇಡ. ಸಹಾಯಧನ ಸಿಕ್ಕರೂ ಅದು ಯಂತ್ರದ ಬೆಲೆಯನ್ನು ಇಳಿಸೀತೇ ಹೊರತು ದಿನದ ನಷ್ಟವನ್ನಲ್ಲ. ಮೊದಲು ಮೂರು ತಿಂಗಳು ಖರ್ಚು-ವೆಚ್ಚ ಬರೆದಿಡಿ. ಆ ಪುಸ್ತಕ ಲಾಭ ತೋರಿಸಿದರೆ ಮಾತ್ರ ಸಾಲಕ್ಕೆ ಕೈಹಾಕಿರಿ.